ಪಡುಗೋಡೆ ಬಿದ್ದ ಮಳೆಗಾಲ

ನಾಲ್ಕು ದಿನ ನೀರಲ್ಲಿ ನೆನೆದ ತೆಂಗಿನ ಮಡಲಿಗೆ ಒಂದು ವಾಸನೆ ಇರುತ್ತದೆ. ಕೊಳೆತದ್ದು ಎನ್ನಲಾಗದು, ಹಸಿಯದ್ದು ಎನ್ನಲೂ ಆಗದು. ಒಮ್ಮೆ ಮೂಗಿಗೆ ಬಿದ್ದರೆ ಬಟ್ಟೆಗೂ ಹತ್ತಿಕೊಂಡು ಎರಡು ದಿನ ಬಿಡುವುದಿಲ್ಲ. ಈ ಸಲದ ಮೇ ತಿಂಗಳಲ್ಲಿ ಬೈಂದೂರಿನ ಹತ್ತಿರದ ಒಂದು ರೆಸಾರ್ಟಿನ ಹಿತ್ತಲಲ್ಲಿ ಆ ವಾಸನೆ ಬಂತು. ಕೆಲಸದ ಹೆಂಗಸೊಬ್ಬರು ತೊಟ್ಟಿಯ ಪಕ್ಕ ಕೂತು ನೆನೆದ ಗರಿ ತೆಗೆದು ಮಡಲು ಹೆಣೆಯುತ್ತಿದ್ದರು. ನಾನು ಕೈಯಲ್ಲಿದ್ದ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿದೆ. ಆ ದಿನ ಮತ್ತೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ನನ್ನ ಈಗಿನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಟ್ಟಡಗಳು ಎಷ್ಟು ಹಸಿರು ಎಂದು ನೋಡಿ ಅಂಕ ಕೊಡುವುದು. ನೀರು ಎಷ್ಟು ಉಳಿಯಿತು, ಕರೆಂಟು ಎಷ್ಟು ಉಳಿಯಿತು, ಕಲ್ಲು ಮರಳು ಎಷ್ಟು ದೂರದಿಂದ ಬಂತು, ಇಂಥದ್ದು. ಗೋಡೆಗೆ ಹಸಿರು ಬಣ್ಣ ಬಳಿದರೆ ಎಷ್ಟು ಅಂಕ ಎಂದು ಕೋಟದಲ್ಲಿರುವ ನನ್ನ ಚಿಕ್ಕಪ್ಪ ಈಗಲೂ ಕಾಲೆಳೆಯುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅವರು ಹೇಳುವುದೇ ಸರಿ ಇರಬಹುದು ಅನ್ನಿಸುವ ದಿನಗಳೂ ಇವೆ.

ಆ ರೆಸಾರ್ಟಿನ ದಿನ ಅಂಥದ್ದೇ ಒಂದು. ಗೋಡೆ ಮುಟ್ಟಿ ನೋಡಿ ಮೇಡಂ, ಮಣ್ಣಿನದ್ದೇ ಅನ್ನಿಸುತ್ತದೆ ಎಂದು ಮ್ಯಾನೇಜರು ಹಿಗ್ಗಿನಿಂದ ತೋರಿಸಿದರು. ಅನ್ನಿಸುತ್ತಿತ್ತು, ಸುಳ್ಳಲ್ಲ. ಒಳಗೆ ಕಾಂಕ್ರೀಟು, ಮೇಲೆ ಮಣ್ಣಿನ ಬಣ್ಣ ಕಲಸಿದ ಸಿಮೆಂಟು. ಎಲ್ಲಿ ನೋಡಿ ಮಾಡಿದಿರಿ ಎಂದು ಕೇಳಿದೆ. ಅವರು ನನ್ನನ್ನು ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ ಚೌಕಟ್ಟು ಹಾಕಿಸಿದ ಒಂದು ಫೋಟೊ ತೋರಿಸಿದರು. ಸಂಜೆಯ ಬಿಸಿಲಲ್ಲಿ ಕೆಂಪು ಮಣ್ಣಿನ ಗೋಡೆ, ಅದರ ಮೇಲೆ ತೆಂಗಿನ ಗರಿಯ ನೆರಳು, ಪಕ್ಕದಲ್ಲಿ ಹೊಳೆ. ಯಾವುದೋ ಪುಸ್ತಿಕೆಯಲ್ಲಿ ಸಿಕ್ಕಿದ್ದಂತೆ. ಆ ಪುಸ್ತಿಕೆ ನಮ್ಮ ಸಂಸ್ಥೆಯದ್ದು. ಆ ಗೋಡೆ ನಾನು ಕಟ್ಟಿಸಿದ್ದು. ಫೋಟೊ ತೆಗೆದ ಹತ್ತನೆಯ ದಿನಕ್ಕೆ ಅದು ಬಿದ್ದುಹೋಗಿತ್ತು.

ಎಂಟು ವರ್ಷದ ಹಿಂದಿನ ಮಾತು. ಕುಂದಾಪುರ ಪೇಟೆಯ ಅಂಚಿನಲ್ಲಿ, ಹೊಳೆಯ ದಂಡೆಗುಂಟ ನಡೆದಾಡುವ ಹಾದಿಯೊಂದನ್ನು ಮಾಡುವ ಕೆಲಸ ಕಟ್ಟಡಗಳ ನಕ್ಷೆ ಮಾಡುವ ನಮ್ಮ ಸಂಸ್ಥೆಗೆ ಸಿಕ್ಕಿತ್ತು. ದೋಣಿ ಕಟ್ಟುವ ಜಾಗದಿಂದ ಹೊರಟು, ಉಪ್ಪುನೀರಲ್ಲಿ ಬೇರೂರಿ ನಿಲ್ಲುವ ಕಾಂಡ್ಲಾ ಗಿಡಗಳ ಪಕ್ಕ ಹಾದು, ನಿಂತುಹೋದ ಹಂಚಿನ ಕಾರ್ಖಾನೆಯ ಚಿಮಣಿಯವರೆಗೆ. ಮೊದಲ ಸಭೆಯಲ್ಲೇ ಹಿರಿಯರೊಬ್ಬರು, ಕೆಲಸ ಇಲ್ಲದೆ ನಡೆಯಲಿಕ್ಕೂ ಒಂದು ದಾರಿ ಬೇಕಾ ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಸಕ್ಕರೆ ಕಾಯಿಲೆಯವರು ನಾಲ್ಕು ಜನ ಒಟ್ಟಿಗೆ ಎದ್ದು, ಬೇಕು ಎಂದರು. ಹಾದಿ ಹಾಗೆ ಮಂಜೂರಾಯಿತು ಎಂದು ನಾನು ಆಮೇಲೆ ಎಲ್ಲ ಕಡೆ ಹೇಳಿಕೊಂಡು ತಿರುಗಿದ್ದೇನೆ.

ಹಾದಿಯ ಕೊನೆಯಲ್ಲಿ ಒಂದು ಪುಟ್ಟ ಕಟ್ಟಡ. ಒಂದು ಕೋಣೆ, ಸುತ್ತ ಜಗಲಿ. ನಡೆದು ಬಂದವರು ಕೂರಲಿಕ್ಕೆ, ಹೊಳೆಯಾಚೆಯ ಕೇರಿಯ ಮಹಿಳಾ ಸಂಘದವರು ಮಜ್ಜಿಗೆ, ಚಾ, ತಿಂಡಿ ಮಾರಲಿಕ್ಕೆ. ದಾರಿಮನೆ ಎಂದು ನಾನೇ ಹೆಸರಿಟ್ಟೆ. ಇದನ್ನು ಮಣ್ಣಿನಲ್ಲೇ ಕಟ್ಟಬೇಕು ಎಂದು ಹಟ ಹಿಡಿದದ್ದೂ ನಾನೇ. ಮಂಗಳೂರಿನಲ್ಲಿ ಕೂರುತ್ತಿದ್ದ ನಮ್ಮ ಮುಖ್ಯಸ್ಥರು ಸುಧೀರ್ ಸಾರ್ ಕೂಡಲೇ ಒಪ್ಪಿದರು. ಅವರಿಗೆ ಮಣ್ಣಿನ ಮೇಲೆ ಪ್ರೀತಿ ಇತ್ತೆಂದಲ್ಲ, ಮಣ್ಣಿಗೆ ಅಂಕ ಹೆಚ್ಚು. ನನಗೆ ಆಗ ಮೂವತ್ತೆರಡು. ನನ್ನದೇ ಹೆಸರಿನಲ್ಲಿ ನಿಲ್ಲುವ ಮೊದಲ ಕಟ್ಟಡ.

ಮಣ್ಣಿನ ಗೋಡೆ ಇಡುವವರು ಯಾರಿದ್ದಾರೆ ಎಂದು ವಿಚಾರಿಸಿದರೆ ಕಂಟ್ರಾಕ್ಟರುಗಳು ನಕ್ಕರು. ಕೆಂಪುಕಲ್ಲು ಬೇಡವಾ, ಸಿಮೆಂಟ್ ಬ್ಲಾಕ್ ಬೇಡವಾ ಎಂದು ಕೇಳಿದರು. ಕೊನೆಗೆ ಒಬ್ಬರು, ಹೊಳೆಯಾಚೆ ಸೂರ ಅಂತ ಇದ್ದಾನೆ, ಅವನಿಗೂ ನಿಮಗೂ ಸರಿಯಾಗುತ್ತದೆ ಎಂದು ಗೇಲಿಯಲ್ಲೇ ವಿಳಾಸ ಕೊಟ್ಟರು.

ಸೂರಣ್ಣನಿಗೆ ಆಗಲೇ ಐವತ್ತೈದು ದಾಟಿತ್ತು. ಗಿಡ್ಡ ಆಳು, ಮಾತು ಕಮ್ಮಿ, ಕಾಲಿನ ಬೆರಳುಗಳು ಅಗಲವಾಗಿ ಹರಡಿಕೊಂಡಿದ್ದವು. ಅವರ ಹೆಂಡತಿ ಗುಲಾಬಕ್ಕ. ಗಂಡ ಆಡದ ಮಾತನ್ನೆಲ್ಲ ಆಕೆಯೇ ಆಡುತ್ತಿದ್ದರು. ಮಣ್ಣು ಮೆಟ್ಟುವುದು ಆಕೆ, ಗೋಡೆ ಇಡುವುದು ಅವರು. ಅವರ ಸ್ವಂತ ಮನೆಯೂ ಮಣ್ಣಿನದ್ದೇ, ಸೂರಣ್ಣನ ತಂದೆ ಇಟ್ಟ ಗೋಡೆ. ಹತ್ತಿರದಲ್ಲಿ ಅಂಥ ಮನೆ ಬೇರೊಂದು ಉಳಿದಿರಲಿಲ್ಲ. ಇಪ್ಪತ್ತು ವರ್ಷದಿಂದ ಯಾರೂ ಹೊಸ ಗೋಡೆಗೆ ಕರೆದಿಲ್ಲ, ಕೊಟ್ಟಿಗೆಗೂ ಕರೆದಿಲ್ಲ ಎಂದು ಗುಲಾಬಕ್ಕ ಹೇಳಿದರು. ಸೂರಣ್ಣ ಬೇರೆಯವರ ಗದ್ದೆಯ ಕೆಲಸ, ತೆಂಗಿನ ಬುಡ ಬಿಡಿಸುವುದು, ಸಿಕ್ಕಿದ್ದು ಮಾಡಿಕೊಂಡಿದ್ದರು.

ನವರಾತ್ರಿ ಮುಗಿದ ಮೇಲೆ ಕೆಲಸ ಶುರುವಾಯಿತು. ಪಾಯ ಕೆಂಪುಕಲ್ಲಿನದ್ದು, ಅದರ ಮೇಲೆ ಮಣ್ಣು. ಹುಲ್ಲಿನ ಚೂರು ಸೇರಿಸಿ, ಯಾವುದೋ ಮರದ ತೊಗಟೆ ನೆನೆಸಿದ ಲೋಳೆ ನೀರು ಹಾಕಿ, ಮೂರು ದಿನ ಮೆಟ್ಟಿ ಹದ ಮಾಡಬೇಕು. ಆ ಮರ ಯಾವುದೆಂದು ಸೂರಣ್ಣ ನನಗೆ ಹೇಳಲೇ ಇಲ್ಲ. ದಿನಕ್ಕೆ ಒಂದು ಮೊಳಕ್ಕಿಂತ ಎತ್ತರ ಏರಿಸುವ ಹಾಗಿಲ್ಲ. ಏರಿಸಿದ್ದು ಒಣಗುವವರೆಗೆ ಮುಂದಿನದಕ್ಕೆ ಕೈ ಹಾಕುವ ಹಾಗೂ ಇಲ್ಲ. ಸುಧೀರ್ ಸಾರ್ ಫೋನಿನಲ್ಲಿ ಕೇಳುತ್ತಿದ್ದರು, ಇವತ್ತು ಎಷ್ಟಾಯಿತು ಎಂದು. ಇವತ್ತು ಒಣಗುತ್ತಿದೆ ಸಾರ್ ಎಂದು ನಾನು. ನಾಳೆ? ನಾಳೆಯೂ ಒಣಗುತ್ತದೆ. ಅವರು ಫೋನಿಡುತ್ತಿದ್ದರು, ನಾನು ನಗುತ್ತಿದ್ದೆ. ಆ ಐದಾರು ತಿಂಗಳು ನಾನು ಸಂತೋಷವಾಗಿದ್ದೆ. ಕಾಲೇಜಿನಲ್ಲಿ ಮಣ್ಣಿನ ಬಗ್ಗೆ ಕಲಿತದ್ದೆಲ್ಲ ಲೆಕ್ಕ, ಕೋಷ್ಟಕ. ಇಲ್ಲಿ ಮಧ್ಯಾಹ್ನ ಗಂಜಿ ಉಂಡು, ಸೀರೆ ಎತ್ತಿ ಕಟ್ಟಿ, ಗುಲಾಬಕ್ಕನ ಜೊತೆ ಮಣ್ಣು ಮೆಟ್ಟಿದೆ. ನಿಮ್ಮ ಕಾಲಿಗೆ ಭಾರವೇ ಇಲ್ಲ, ನೀವು ಮೆಟ್ಟಿದ ಜಾಗ ಮತ್ತೆ ನಾನು ಮೆಟ್ಟಬೇಕು ಎಂದು ಆಕೆ ಬೈಯುತ್ತಿದ್ದರು.

ಯುಗಾದಿಯ ಹೊತ್ತಿಗೆ ಗೋಡೆ ತಲೆಯೆತ್ತರ ದಾಟಿತು. ಜನ ನೋಡಲು ಬರತೊಡಗಿದರು. ಬಂದವರು ಬೆರಳಿನಿಂದ ಗೀರಿ ನೋಡುತ್ತಿದ್ದರು, ಮೊಣಕೈಯಿಂದ ಗುದ್ದಿ ನೋಡುತ್ತಿದ್ದರು. ವಂಡ್ಸೆಯ ಕಡೆಯ ಒಂದು ಮನೆಯವರು, ಕೋಟದ ಹತ್ತಿರದ ಇಬ್ಬರು ಅಣ್ಣತಮ್ಮಂದಿರು ತಮಗೂ ಹೀಗೇ ಒಂದು ಮನೆ ಬೇಕೆಂದು ಸೂರಣ್ಣನ ಹತ್ತಿರ ಕೂತು ಮಾತಾಡಿ ಹೋದರು. ಆದರೆ ಎಲ್ಲರೂ ಹೇಳಿದ್ದು ಒಂದೇ, ಮಳೆಗಾಲ ಕಳೆಯಲಿ, ನೋಡುವ. ಸೂರಣ್ಣ ಅದಕ್ಕೇ ಕಾಯುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ, ಕೇಳದೆಯೇ ಬಾಯಿಬಿಟ್ಟು ಹೇಳಿದರು.

"ಈ ಗ್ವಾಡಿ ಒಂದ್ ಮಳಿ ಕಂಡ್ರ್ ಸಾಕ್, ಮೇಡಮ್ಮ. ಮತ್ತೆ ನಾನ್ ಯಾರಿಗೂ ಎಂತದೂ ಹೇಳ್ಕಂದಿಲ್ಲೆ, ಗ್ವಾಡಿಯೇ ಹೇಳತ್ತ್."

ಕಟ್ಟಡದ ಪಡು ಬದಿ, ಎಂದರೆ ಪಶ್ಚಿಮದ ಗೋಡೆ, ಹೊಳೆಗೆ ಮುಖ ಮಾಡಿತ್ತು. ನಮ್ಮ ಕಡೆ ಮಳೆ ಬರುವುದು ಪಡುವಿನಿಂದ, ನೇರವಾಗಿ ಅಲ್ಲ, ಓರೆಯಾಗಿ, ಗೋಡೆಗೆ ರಾಚುವ ಹಾಗೆ. ಅದಕ್ಕೇ ಹಿಂದಿನವರು ಮಳೆಗಾಲಕ್ಕೆ ಮುಂಚೆ ಪಡುಗೋಡೆಗೆ ತಟ್ಟಿ ಕಟ್ಟುತ್ತಿದ್ದರು. ಹೆಣೆದ ಮಡಲನ್ನು ಅಡಿಕೆ ಮರದ ಸೀಳಿಗೆ ಬಿಗಿದು, ಹಂಚಿನ ಮಾಡಿನ ಅಂಚಿನಿಂದ ನೆಲದವರೆಗೆ ಇಳಿಬಿಟ್ಟ ಒಂದು ಹೊದಿಕೆ. ಚೌತಿ ಕಳೆದ ಮೇಲೆ ಬಿಚ್ಚಿದರಾಯಿತು. ಇದು ನನಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಾರ್ಕೂರಿನಲ್ಲಿ ನನ್ನ ಅಮ್ಮಮ್ಮನ ಮನೆಗೂ ಪ್ರತಿವರ್ಷ ತಟ್ಟಿ ಕಟ್ಟುತ್ತಿದ್ದರು. ಜೂನ್ ಬಂತೆಂದರೆ ಆ ಮನೆಯೊಳಗೆ ಹಗಲಲ್ಲೂ ಕತ್ತಲು, ಸೊಳ್ಳೆ, ಮಡಲಿನ ವಾಸನೆ. ರಜೆ ಮುಗಿದು ಕೋಟಕ್ಕೆ ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಉಸಿರೆಳೆಯುತ್ತಿದ್ದೆ. ಮನೆ ಕಟ್ಟುವ ವಿದ್ಯೆ ಕಲಿತದ್ದೇ ಆ ಕತ್ತಲಿನ ಮೇಲಿನ ಸಿಟ್ಟಿನಿಂದ ಎಂದು ಈಗ ಅನ್ನಿಸುತ್ತದೆ. ನನ್ನ ನಕ್ಷೆಯಲ್ಲಿ ದಾರಿಮನೆಯ ಪಡು ಬದಿಯ ಮಾಡು ಗಿಡ್ಡ. ಹೊಳೆ ಕಾಣಬೇಕು, ಬೆಳಕು ಬರಬೇಕು. ಸೂರಣ್ಣ ನಕ್ಷೆ ನೋಡಿದ ದಿನವೇ ಮಾಡನ್ನು ಎರಡು ಮೊಳ ಮುಂದೆ ತನ್ನಿ ಎಂದಿದ್ದರು. ತರಲಿಲ್ಲ. ಹಾಗಾದರೆ ತಟ್ಟಿ ಕಟ್ಟುವ ಎಂದು ಅವರು ಸುಮ್ಮನಾದರು.

ಮೇ ತಿಂಗಳ ನಡುವಿನಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ತಟ್ಟಿ ಕಟ್ಟಿದರು. ನಾನು ಆ ವಾರ ಮಂಗಳೂರಿನಲ್ಲಿದ್ದೆ. ವಾಪಸು ಬಂದು ನೋಡಿದರೆ ನನ್ನ ಗೋಡೆ ಕಾಣುವುದೇ ಇಲ್ಲ. ಅದೇ ದಿನ ಸುಧೀರ್ ಸಾರ್ ಫೋನು ಬಂತು. ಪ್ರಮಾಣಪತ್ರ ಕೊಡುವ ತಂಡ ಇನ್ನು ಆರು ದಿನಕ್ಕೆ ಬರುತ್ತದೆ, ಅದಕ್ಕೂ ಮುಂಚೆ ಫೋಟೊ ತೆಗೆಯುವವರನ್ನು ಕಳಿಸುತ್ತೇನೆ, ಗೋಡೆ ಚೆನ್ನಾಗಿ ಕಾಣಬೇಕು ಎಂದರು. ನಾನು ತಟ್ಟಿಯ ಚಿತ್ರ ಕಳಿಸಿದೆ. ಇದೇನು, ಶೇಂದಿ ಅಂಗಡಿಯಾ, ತೆಗೆಸು ಎಂದು ಉತ್ತರ ಬಂತು. ಅವರು ಹೇಳಿದ್ದಕ್ಕೆ ತೆಗೆಸಿದೆ ಎಂದು ಬರೆದರೆ ಕೇಳಲು ಚಂದ. ನಿಜವೆಂದರೆ ಅವರು ಹೇಳಿದ್ದು ನನಗೆ ಹಿತವಾಗಿತ್ತು.

ಸೂರಣ್ಣ ಜಗಲಿಯ ಮೆಟ್ಟಿಲಲ್ಲಿ ಕೂತಿದ್ದರು. ವಿಷಯ ಹೇಳಿದೆ.

"ಬಿಚ್ರೆ ಇದನ್ನ್ ಮತ್ತ್ ಕಟ್ಟುಕ್ ಬತ್ತಿಲ್ಲೆ, ಮೇಡಮ್ಮ" ಎಂದರು. "ಒಣ್ಗಿದ್ ಮಡ್ಲ್, ಮುರಿತ್ತ್. ಹೊಸತ್ ನೆನ್ಸಿ, ಹೆಣ್ದ್, ಕಟ್ಟುಕ್ ಒಂದ್ ವಾರ ಬೇಕ್. ನಿನ್ನೆಯಿಂದ ಕಡ್ಲ್ ತೆಂಕಿಂದ ಕೂಗ್ತಾ ಇತ್ತ್, ನಿಮ್ಗ್ ಕೇಣ್ತಿಲ್ಯಾ?"

ಕಡಲು ಹಾಗೆ ಕೂಗಿದರೆ ಮಳೆ ಹತ್ತಿರವೆಂಬುದು ಅವರ ಲೆಕ್ಕ. ನಾನು ಫೋನು ತೆಗೆದು ಹವಾಮಾನ ತೋರಿಸಿದೆ. ಮಳೆಗೆ ಇನ್ನೂ ಹನ್ನೆರಡು ದಿನ ಎಂದಿತ್ತು. ಅವರು ಅದನ್ನು ನೋಡಲೂ ಇಲ್ಲ. ಗುಲಾಬಕ್ಕ ಒಳಗಿನಿಂದ ಬಂದು, ಬೇಡ ಅನ್ನಿ ಎಂದು ಗಂಡನಿಗೆ ಸನ್ನೆ ಮಾಡಿದರು. ನನಗೆ ರೇಗಿತು. ಇಷ್ಟು ತಿಂಗಳು ಇವರ ಮಾತು ಕೇಳಿದ್ದೇನೆ, ಒಂದು ಸಲ ನನ್ನ ಮಾತು ಕೇಳಬಾರದೇ ಎಂಬ ಸಣ್ಣತನ. ಆಗ ನಾನಾಡಿದ ಮಾತು ಅಕ್ಷರ ಅಕ್ಷರ ನೆನಪಿದೆ.

"ಇದ್ ನನ್ನ ಕಟ್ಟಡ, ಸೂರಣ್ಣ. ಜವಾಬ್ದಾರಿ ನಂದ್. ನೀವ್ ಬಿಚ್ಚಿ."

ಅವರು ಎದ್ದು ಕತ್ತಿ ತೆಗೆದುಕೊಂಡು ಒಂದೊಂದೇ ಕಟ್ಟು ಕೊಯ್ದರು. ತಟ್ಟಿ ಕೆಳಗೆ ಬೀಳುವಾಗ ಮಡಲು ಮುರಿಯುವ ಸದ್ದು ಬಂತು. ಅವರು ಹೇಳಿದ್ದು ಸರಿ ಇತ್ತು.

ಫೋಟೊ ಮರುದಿನ ಸಂಜೆ ಆಯಿತು. ಬೆಳಕು ಹೇಳಿ ಮಾಡಿಸಿದ ಹಾಗಿತ್ತು. ಎರಡು ದಿನಕ್ಕೆ ತಂಡದವರಿಂದ ಸುದ್ದಿ ಬಂತು, ಒಂದು ವಾರ ತಡವಾಗುತ್ತದೆ ಎಂದು. ಆಗಲಾದರೂ ಹೊಸ ತಟ್ಟಿಗೆ ಹೇಳಬಹುದಿತ್ತು. ತಂಡ ಬಂದು ಹೋಗಲಿ, ಆಮೇಲೆ ಕಟ್ಟಿಸುವ ಎಂದುಕೊಂಡೆ. ಗುಲಾಬಕ್ಕ ಮಾತ್ರ ನನ್ನನ್ನು ಕೇಳದೆ ಮಡಲು ಕಡಿಸಿ ತಮ್ಮ ಮನೆಯ ಹತ್ತಿರದ ಕೆರೆಯಲ್ಲಿ ನೆನೆಹಾಕಿದರು. ಹಾಕಿದ ಎರಡನೆಯ ದಿನಕ್ಕೆ ಮಳೆ ಬಂತು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲ, ಆಷಾಢದಲ್ಲಿ ಬರಬೇಕಾದಂಥ ಬಿಡದ ಮಳೆ, ಜೊತೆಗೆ ಗಾಳಿ. ನಾನು ಪೇಟೆಯಿಂದ ಟಾರ್ಪಾಲು ತಂದೆ. ನಾಲ್ಕು ಜನ ಹಿಡಿದು ಕಟ್ಟಿದೆವು. ಗಾಳಿ ಅದನ್ನು ಕಿತ್ತು ಹೊಳೆಗೆ ಎಸೆಯಿತು. ಇನ್ನೊಂದು ತಂದೆ, ಅದನ್ನು ಹಗ್ಗ ಸಮೇತ ಕಿತ್ತಿತು. ಗೋಡೆಯ ಮೇಲ್ಮೈ ಮೊದಲು ಕಪ್ಪಾಯಿತು, ಆಮೇಲೆ ಹೊಳೆಯತೊಡಗಿತು. ಸೂರಣ್ಣ ಅಂಗೈ ಇಟ್ಟು ನೋಡಿ ಕೈ ಹಿಂದಕ್ಕೆ ತೆಗೆದರು. ಒಳಗೆ ಹೋಗಬೇಡಿ ಎಂದು ಎಲ್ಲರಿಗೂ ಹೇಳಿದರು. ಪೇಟೆಗೆ ಹೋಗುವ ಸಂಘದ ಹೆಂಗಸರು ಮಳೆಗೆ ಜಗಲಿಯಲ್ಲಿ ನಿಂತಿದ್ದರು, ಅವರನ್ನೂ ಎಬ್ಬಿಸಿ ಕಳಿಸಿದರು.

ನಾಲ್ಕನೆಯ ದಿನ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಪಡುಗೋಡೆ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ದಣಿದವರು ಇದ್ದಲ್ಲೇ ಕುಕ್ಕರಿಸುವ ಹಾಗೆ ನಡುವಿನಿಂದ ಕುಸಿದು ಕೂತಿತು. ಮಾಡಿನ ಹಂಚು ಮೂರು ಸಾಲು ಜಾರಿ ಅದರ ಮೇಲೆ ಬಿದ್ದವು. ಯಾರಿಗೂ ಏನೂ ಆಗಲಿಲ್ಲ, ಅದು ಸೂರಣ್ಣನ ದಯೆ. ಅವರು ಮಳೆಯಲ್ಲೇ ನಿಂತಿದ್ದರು. ನಾನು ಹತ್ತಿರ ಹೋಗಲಿಲ್ಲ. ಕಾರಿನೊಳಗೆ ಕೂತು ಅತ್ತೆ. ಅತ್ತದ್ದು ಗೋಡೆಗೋ, ಸೂರಣ್ಣನಿಗೋ, ನನ್ನ ಹೆಸರಿಗೋ ಎಂದು ಯಾರಾದರೂ ಕೇಳಿದ್ದರೆ ಸತ್ಯ ಹೇಳುವ ಧೈರ್ಯ ಇರಲಿಲ್ಲ.

ವರದಿ ಬರೆಯಬೇಕಿತ್ತು. ಸುಧೀರ್ ಸಾರ್ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು, ಆ ಹೊದಿಕೆಯನ್ನು ಬಿಚ್ಚಿದ್ದು ಯಾರು ಎಂದು. ಬಿಚ್ಚಿದ್ದು ಸೂರಣ್ಣ ಎಂದೆ. ಅಷ್ಟೇ ಬರೆ ಎಂದರು. ಬರೆದೆ. ಸ್ಥಳೀಯ ಕೆಲಸಗಾರನು ಮಳೆಗೆ ಮುನ್ನ ರಕ್ಷಣೆಯ ಹೊದಿಕೆಯನ್ನು ತೆಗೆದದ್ದರಿಂದ ಗೋಡೆ ಕುಸಿದಿದೆ. ಅದರಲ್ಲಿ ಒಂದೂ ಸುಳ್ಳು ಪದವಿಲ್ಲ. ಅಷ್ಟು ಜಾಣತನದಿಂದ ನಾನು ಆ ಮೊದಲು ಏನನ್ನೂ ಬರೆದಿರಲಿಲ್ಲ. ವರದಿಯ ಒಂದು ಪ್ರತಿ ಹೊಳೆಯಾಚೆಯ ಸಂಘಕ್ಕೂ ಹೋಯಿತು, ದಾರಿಮನೆ ನಡೆಸಬೇಕಾದವರು ಅವರೇ ಆದ್ದರಿಂದ. ನನ್ನನ್ನು ಆ ತಿಂಗಳೇ ಮಂಗಳೂರಿಗೆ ಕರೆಸಿಕೊಂಡರು.

ಆಮೇಲಿನದನ್ನು ನಾನು ಅವರಿವರಿಂದ ಕೇಳಿದ್ದು. ಪಡುಗೋಡೆಯನ್ನು ಸಿಮೆಂಟ್ ಬ್ಲಾಕಿನಲ್ಲಿ ಕಟ್ಟಿದರು, ಮುಂದೆ ಶೀಟು ಇಳಿಸಿದರು. ವಂಡ್ಸೆಯವರು, ಕೋಟದವರು ಕೆಂಪುಕಲ್ಲಿನ ಮನೆ ಕಟ್ಟಿಕೊಂಡರು. ಸೂರಣ್ಣನಿಗೆ ಬಿದ್ದ್‌ಗ್ವಾಡಿ ಸೂರ ಎಂಬ ಅಡ್ಡಹೆಸರು ಬಿತ್ತು. ನಮ್ಮ ಕಡೆ ಅಡ್ಡಹೆಸರು ಬಿದ್ದರೆ ಮುಗಿಯಿತು, ಮದುವೆ ಕಾಗದದಲ್ಲೂ ಅದೇ ಹೆಸರು ಹಾಕುತ್ತಾರೆ. ನಾನು ಮಾತ್ರ ಮೇಲೇರಿದೆ. ಫೋಟೊ ಪುಸ್ತಿಕೆಯ ಮುಖಪುಟವಾಯಿತು. ಮಣ್ಣಿನ ಮನೆಗಳ ಬಗ್ಗೆ ಮಾತಾಡಲು ನನ್ನನ್ನು ಕರೆಯತೊಡಗಿದರು. ಪ್ರತಿ ಸಲವೂ ಆ ಫೋಟೊ ತೋರಿಸಿದೆ. ಈಗ ಆ ಗೋಡೆ ಹೇಗಿದೆ ಎಂದು ಎಂಟು ವರ್ಷದಲ್ಲಿ ಯಾರೂ ಕೇಳಲಿಲ್ಲ. ಕುಂದಾಪುರ ದಾಟಿ ಎಷ್ಟೋ ಸಲ ಹೋಗಿದ್ದೇನೆ, ಸೇತುವೆ ಬಂದಾಗ ಫೋನು ನೋಡುತ್ತಿದ್ದೆ.

ಬೈಂದೂರಿನಿಂದ ಬಂದ ಮರುದಿನ ಬೆಳಿಗ್ಗೆ ಕುಂದಾಪುರದ ಹೋಟೆಲೊಂದರಲ್ಲಿ ಕೂತು ಪತ್ರ ಬರೆದೆ. ಸಂಸ್ಥೆಗೆ, ಪ್ರಮಾಣಪತ್ರದ ಸಮಿತಿಗೆ, ಇಬ್ಬರಿಗೂ. ಹೊದಿಕೆಯನ್ನು ಬಿಚ್ಚಿಸಿದ್ದು ನಾನು, ಕೆಲಸಗಾರ ಬೇಡವೆಂದು ಎಚ್ಚರಿಸಿದ್ದರು, ಜವಾಬ್ದಾರಿ ನನ್ನದೆಂದು ಹೇಳಿ ಬಿಚ್ಚಿಸಿದೆ, ಫೋಟೊಗಾಗಿ. ನಾಲ್ಕೇ ಸಾಲು. ಅಚ್ಚು ಹಾಕಿಸಿ, ಸಹಿ ಮಾಡಿ, ಹೊಳೆಯಾಚೆ ಹೋದೆ.

ಸೂರಣ್ಣ ಮನೆಯಲ್ಲಿರಲಿಲ್ಲ. ಎರಡು ಮನೆ ಆಚೆ ಯಾರದ್ದೋ ಕಂಪೌಂಡು ಗೋಡೆಗೆ ಸಿಮೆಂಟಿನ ಗಾರೆ ಮಾಡುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕರಣೆ ಕೆಳಗಿಟ್ಟು, ನೀವಾ, ಬನ್ನಿ ಎಂದರು, ಹೋದ ವಾರ ನೋಡಿದವರ ಹಾಗೆ. ಗುಲಾಬಕ್ಕ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಬನ್ನಿ ಎನ್ನಲಿಲ್ಲ. ಅವರ ಮಣ್ಣಿನ ಮನೆ ಹಾಗೇ ಇತ್ತು. ಪಡುಗೋಡೆಗೆ ತಟ್ಟಿ ಕಟ್ಟಿ ಆಗಿತ್ತು.

ಜಗಲಿಯಲ್ಲಿ ಕೂತು ನಾನು ಎಲ್ಲ ಹೇಳಿದೆ. ವರದಿಯಲ್ಲಿ ಬರೆದ ಸಾಲನ್ನೂ ಹೇಳಿದೆ, ಹೊಸ ಪತ್ರವನ್ನೂ ಓದಿದೆ. ಸೂರಣ್ಣ ಕೈಗೆ ಅಂಟಿದ ಸಿಮೆಂಟನ್ನು ಉಜ್ಜಿಕೊಳ್ಳುತ್ತ ಕೇಳಿಸಿಕೊಂಡರು.

"ಆಗ್ಳ್ ಬರ್ದ ವರದಿಯಂಗ್ ಮಣ್ಣಿನ್ ಮೇಲ್ ಎಂತದೂ ಬರಿಲಿಲ್ಯಾ?" ಎಂದು ಕೇಳಿದರು.

ಇಲ್ಲ, ನಿಮ್ಮ ಮೇಲೆ ಬರೆದದ್ದು ಎಂದೆ.

"ನಾನ್ ಇಷ್ಟ್ ವರ್ಷ, ಮಣ್ಣ್ ಲಾಯ್ಕಿಲ್ಲೆ ಅಂದೇಳಿ ಬರ್ದಿರ್ ಅಂದ್ಕಂಡಿದ್ದೆ" ಎಂದರು. ಅವರ ಮುಖ ಸಡಿಲವಾಯಿತು. "ಹಾಂಗಾರ್ ಅಡ್ಡಿಲ್ಲೆ, ಮೇಡಮ್ಮ. ಬಿಚ್ಚದ್ ನಾನೇ ಅಲ್ದಾ."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಸಿಕೊಳ್ಳಲೆಂದೇ ಬಂದಿದ್ದೆ ಎಂದೂ ಹೇಳಬಹುದು. ಅವರು ಎದ್ದು, ಗಾರೆ ಗಟ್ಟಿಯಾಗುತ್ತದೆ ಎಂದು ಹೇಳಿ ಕೆಲಸಕ್ಕೆ ಹೊರಟೇಬಿಟ್ಟರು. ಕಾಗದ ನನ್ನ ಕೈಯಲ್ಲೇ ಉಳಿಯಿತು. ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ನನಗೆ ಒಳಗೊಳಗೇ ಸ್ವಲ್ಪ ಹಗುರವಾಯಿತು. ಆ ಹಗುರಕ್ಕೆ ಈಗಲೂ ನಾಚಿಕೆ ಪಡುತ್ತೇನೆ.

ಗುಲಾಬಕ್ಕ ಬಾಗಿಲು ಬಿಟ್ಟು ಬಂದು ನನ್ನ ಎದುರು ನಿಂತರು.

"ಅವ್ರಿಗ್ ಅಡ್ಡಿಲ್ಲೆ. ನಂಗ್ ಅಡ್ಡಿ ಇತ್ತ್" ಎಂದರು. "ನೀವ್ ಬರ್ದದ್ದನ್ನ್ ಸಂಘದ ಸಭೆಯಂಗ್ ಓದ್ರ್. ನಾನ್ ಅಲ್ಲೇ ಕೂಕಂಡ್ ಕೇಂಡಿದೆ. ಕಾಗ್ದದ್ ಎದ್ರ್ ನನ್ ಮಾತ್ ಯಾರ್ ನಂಬ್ತ್ರ್? ಅವ್ರಿಗ್ ಇವತ್ತಿನ್ವರಿಗೂ ಹೇಳ್ಳಿಲ್ಲೆ."

ಆಕೆ ಅದನ್ನು ಗಂಡನಿಂದ ಮುಚ್ಚಿಟ್ಟುಕೊಂಡು, ಉಳಿದವರೂ ಅವರೆದುರು ಎತ್ತದ ಹಾಗೆ ನೋಡಿಕೊಂಡು ಬದುಕಿದ್ದರು. ಆ ದಿನದ ಮೇಲೆ ಸಂಘದ ಸಭೆಯಲ್ಲಿ ಬಾಯಿ ತೆರೆದವರಲ್ಲ ಎಂದು ಆಮೇಲೆ ಪಕ್ಕದ ಮನೆಯವರು ಹೇಳಿದರು. ಅಷ್ಟು ಮಾತಾಡುತ್ತಿದ್ದ ಹೆಂಗಸು. ಭಾನುವಾರ ಸಭೆ ಇದೆ, ಆ ಕಾಗದವನ್ನು ನೀವೇ ಬಂದು ಓದಿ, ಅಂಚೆಗೆ ಆಮೇಲೆ ಹಾಕಿ ಎಂದು ಗುಲಾಬಕ್ಕ ನನಗೆ ಹೇಳಿದರು. ಕೇಳಿದ್ದಲ್ಲ, ಹೇಳಿದ್ದು. ನಾನು ಹೂಂ ಎಂದೆ. ಮೂರು ದಿನ ಕುಂದಾಪುರದಲ್ಲೇ ಉಳಿದೆ. ಎರಡು ಸಲ ಬಸ್ಸು ಹತ್ತುವ ಮನಸ್ಸಾಯಿತು, ಬಸ್‌ಸ್ಟ್ಯಾಂಡಿನವರೆಗೂ ಹೋಗಿ ವಾಪಸು ಬಂದೆ.

ಭಾನುವಾರ ಮಧ್ಯಾಹ್ನ ಅಂಗನವಾಡಿಯ ಕೋಣೆಯಲ್ಲಿ ಮೂವತ್ತು ನಲವತ್ತು ಹೆಂಗಸರು ಚಾಪೆ ಹಾಕಿ ಕೂತಿದ್ದರು. ಗುಲಾಬಕ್ಕ ಹಿಂದಿನ ಸಾಲಿನಲ್ಲಿ. ನಾನು ನಿಂತು ಓದಿದೆ. ಇಂಥ ಎಷ್ಟೋ ಸಭೆಗಳಲ್ಲಿ ಮಾತಾಡಿದವಳಿಗೆ ಅವತ್ತು ನಾಲ್ಕು ಸಾಲು ಓದುವಷ್ಟರಲ್ಲಿ ಎರಡು ಸಲ ನಿಲ್ಲಿಸಬೇಕಾಯಿತು. ಸಂಘದ ಅಧ್ಯಕ್ಷೆ, ವಯಸ್ಸಾದವರು, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಹಾಂಗಾರ್ ತಟ್ಟಿ ಇದ್ದಿರೆ ಸೂರನ ಗ್ವಾಡಿ ಬೀಳ್ತಿರ್ಲಿಲ್ಯಾ?"

"ಇಲ್ಲೆ" ಎಂದೆ. "ಬೀಳ್ತಿರ್ಲಿಲ್ಲೆ."

ಕೂತವರಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಯಾರೋ ಸೆರಗಿನಿಂದ ಮೂಗು ಒರೆಸಿಕೊಂಡರು. ಗುಲಾಬಕ್ಕ ಹಿಂದಿನಿಂದ ಎದ್ದು, ಎಲ್ಲರ ಮಧ್ಯೆ ದಾರಿ ಮಾಡಿಕೊಂಡು ಬಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡರು. ಆಕೆಗೆ ಓದಲು ಬರುತ್ತದೆ. ನಿಂತಲ್ಲೇ ನಿಧಾನಕ್ಕೆ ಪೂರ್ತಿ ಓದಿದರು, ಸಹಿಯವರೆಗೂ. ಆಮೇಲೆ ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡರು.

"ಇಷ್ಟ್ ಹೇಳುಕ್ ನಿಮ್ಗ್ ಎಂಟ್ ಮಳಿಗಾಲ ಬೇಕಾಯ್ತ್, ಮೇಡಮ್ಮ" ಎಂದರು.